ಬೊಮ್ಮಾಯಿ ಪ್ರಕರಣ: ಗೆದ್ದವರಿಗೆ ದಕ್ಕಿದ್ದೇನು?

ಯಾವುದಾದರೂ ರಾಜ್ಯದ ಸರ್ಕಾರ ಅಲುಗಾಡಿದಾಗಲೆಲ್ಲ ಬೊಮ್ಮಾಯಿ ತೀರ್ಪಿನ ಹೆಸರು ಕೇಳಿಬರುತ್ತದೆ. ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲೇ ಹೊರತು ರಾಜಭವನದಲ್ಲಲ್ಲ ಎಂಬ ಅದರ ಸಾರ ಬಹುತೇಕ ಎಲ್ಲರಿಗೂ ಗೊತ್ತು. ಆದರೆ ಆ ಮೊಕದ್ದಮೆ ಹೂಡಿದ, 1989ರಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರಿಗೆ ಅದರಿಂದ ಏನು ದಕ್ಕಿತು ಎಂದು ಕೇಳುವವರು ಕಡಿಮೆ.

1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆಂಬ ಪತ್ರಗಳನ್ನು ನಂಬಿ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರು ರಾಷ್ಟ್ರಪತಿಗಳಿಗೆ ವರದಿ ಕಳುಹಿಸಿದರು. ಅವರಲ್ಲಿ ಏಳು ಮಂದಿ ಮರುದಿನವೇ, ತಮ್ಮನ್ನು ತಪ್ಪುದಾರಿಗೆಳೆದು ಸಹಿ ಪಡೆಯಲಾಗಿದೆ ಎಂದು ಬರೆದುಕೊಟ್ಟರು. ಬೇಕಿದ್ದರೆ ಅಧಿವೇಶನವನ್ನು ಮುಂಚಿತವಾಗಿಯೇ ಕರೆಯುತ್ತೇನೆ ಎಂದು ಮುಖ್ಯಮಂತ್ರಿಗಳೂ ಹೇಳಿದರು. ಅದಾವುದೂ ಲೆಕ್ಕಕ್ಕೆ ಬರಲಿಲ್ಲ. ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು, ವಿಧಾನಸಭೆ ವಿಸರ್ಜನೆಗೊಂಡಿತು. ಸದನದಲ್ಲಿ ಬಲಾಬಲ ಪರೀಕ್ಷಿಸುವುದು ಕಡ್ಡಾಯವೇನಲ್ಲ ಎಂದು ನಮ್ಮ ಹೈಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು.

ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ನೀಡಿದ್ದು 1994ರ ಮಾರ್ಚ್ 11ರಂದು. ಕರ್ನಾಟಕದಲ್ಲಿ ರಾಷ್ಟ್ರಪತಿ ಆಡಳಿತ ಹೇರಿದ್ದು ಅಸಾಂವಿಧಾನಿಕ ಎಂದು ಬಹುಮತದ ತೀರ್ಪು ಸಾರಿತು. ಅಷ್ಟರಲ್ಲಿ ಚುನಾವಣೆ ಮುಗಿದು, ವೀರೇಂದ್ರ ಪಾಟೀಲರು ಬಂದು ಹೋಗಿ, ಬಂಗಾರಪ್ಪನವರು ಬಂದು ಹೋಗಿ, ವೀರಪ್ಪ ಮೊಯ್ಲಿಯವರು ಮುಖ್ಯಮಂತ್ರಿಯಾಗಿದ್ದರು. ಮರಳಿ ಕೊಡಲು ಏನೂ ಉಳಿದಿರಲಿಲ್ಲ.

ಈ ವ್ಯರ್ಥತೆ ನ್ಯಾಯಮೂರ್ತಿಗಳಿಗೂ ತಿಳಿಯದ್ದೇನಲ್ಲ. ಸಂಸತ್ತಿನ ಎರಡೂ ಸದನಗಳು ರಾಷ್ಟ್ರಪತಿ ಆಡಳಿತದ ಘೋಷಣೆಯನ್ನು ಅನುಮೋದಿಸುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ಹೆಚ್ಚೆಂದರೆ ಅಮಾನತಿನಲ್ಲಿಡಬಹುದು ಎಂದು ಅವರು ಹೇಳಿದ್ದು ಇದಕ್ಕಾಗಿಯೇ. ಅರ್ಜಿ ಇತ್ಯರ್ಥವಾಗುವ ತನಕ ಹೊಸ ಚುನಾವಣೆ ನಡೆಯದಂತೆ ಮಧ್ಯಂತರ ತಡೆಯಾಜ್ಞೆ ನೀಡುವ ಅಧಿಕಾರ ನ್ಯಾಯಾಲಯಕ್ಕಿದೆ ಎಂಬ ಮಾತೂ ಅದೇ ತೀರ್ಪಿನಲ್ಲಿದೆ. ಟಿವಿ ಚರ್ಚೆಗಳಲ್ಲಿ ಈ ಭಾಗವನ್ನು ಯಾರೂ ಎತ್ತುವುದಿಲ್ಲವೆಂಬುದು ನನ್ನ ಬಹುಕಾಲದ ತಕರಾರು.

ಬೇಗ ಕೈಹಾಕಿದರೆ ಏನಾಗುತ್ತದೆ ಎಂಬುದಕ್ಕೆ 2018ರ ಮೇ ತಿಂಗಳೇ ಸಾಕ್ಷಿ. ಬಹುಮತ ಸಾಬೀತಿಗೆ ರಾಜ್ಯಪಾಲರು ಕೊಟ್ಟಿದ್ದ 15 ದಿನಗಳ ಗಡುವನ್ನು ಬದಿಗಿಟ್ಟು, ಮರುದಿನ ಸಂಜೆಯೇ ವಿಶ್ವಾಸಮತ ನಡೆಯಲಿ ಎಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಯಡಿಯೂರಪ್ಪನವರು ಮತಕ್ಕೆ ಹಾಕದೆಯೇ ರಾಜೀನಾಮೆ ನೀಡಿದರು. 2016ರಲ್ಲಿ ಉತ್ತರಾಖಂಡದ ಹೈಕೋರ್ಟ್ ರಾಷ್ಟ್ರಪತಿ ಆಡಳಿತವನ್ನು ಒಂದು ತಿಂಗಳೊಳಗೇ ರದ್ದುಮಾಡಿತು (ಆ ದಿನವೂ ಏಪ್ರಿಲ್ 21 ಎಂಬುದು ಕಾಕತಾಳೀಯ). ಮರುದಿನವೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತಾದರೂ, ಮುಂದೆ ತನ್ನ ನಿಗಾದಲ್ಲೇ ವಿಶ್ವಾಸಮತ ನಡೆಸಿತು. ಹರೀಶ್ ರಾವತ್ ಗೆದ್ದು ಮುಖ್ಯಮಂತ್ರಿಯಾಗಿ ಮರಳಿದರು.

ಆದರೆ ಈ ಚುರುಕು ಆಯಾ ಪೀಠದ ಮನೋಧರ್ಮವನ್ನು ಅವಲಂಬಿಸಿರಬಾರದು. ರಾಷ್ಟ್ರಪತಿ ಆಡಳಿತಕ್ಕೆ ಅವಕಾಶ ಕೊಡುವ ಸಂವಿಧಾನದ 356ನೇ ವಿಧಿಯಡಿ ಹೊರಡಿಸಿದ ಘೋಷಣೆಗೆ ಎರಡು ತಿಂಗಳೊಳಗೆ ಸಂಸತ್ತಿನ ಒಪ್ಪಿಗೆ ಸಿಗದಿದ್ದರೆ ಅದು ತಾನಾಗಿಯೇ ಬಿದ್ದುಹೋಗುತ್ತದೆ. ಅಂಥ ಘೋಷಣೆಯನ್ನು ಪ್ರಶ್ನಿಸುವ ಅರ್ಜಿಯ ವಿಚಾರಣೆಯೂ ಆ ಎರಡು ತಿಂಗಳೊಳಗೆ ಮುಗಿಯಬೇಕು, ಮುಗಿಯದಿದ್ದರೆ ಚುನಾವಣೆಗೆ ತಡೆ ಸಹಜವಾಗಿಯೇ ಜಾರಿಯಲ್ಲಿರಬೇಕು ಎಂಬ ನಿಯಮವನ್ನು ಸುಪ್ರೀಂ ಕೋರ್ಟ್ ತಾನೇ ರೂಪಿಸಿಕೊಳ್ಳಬಹುದು. ಇದಕ್ಕೆ ಸಂವಿಧಾನದ ತಿದ್ದುಪಡಿ ಬೇಕಿಲ್ಲ. ಬೇಕಾದ ಆಧಾರವೆಲ್ಲ 1994ರ ತೀರ್ಪಿನಲ್ಲೇ ಇದೆ.