ದಿಲ್ಲಿ ಹೊಗೆ ಯಾರದ್ದು ಅಂತ ಮಾಡೆಲ್ ಹೇಳಿದ್ರೆ ನಂಬ್ಬೋದಾ?

ಪರ

ನವೆಂಬರ್ ಬಂತು ಅಂದ್ರೆ ದಿಲ್ಲೀಲಿ ಅದೇ ಜಗಳ, ಪಂಜಾಬಿನ ರೈತ ಕೂಳೆ ಸುಟ್ಟ ಅಂತ ಒಬ್ರು, ಇಲ್ಲ ನಿಮ್ಮ ಕಾರಿಂದೇ ಹೊಗೆ ಅಂತ ಇನ್ನೊಬ್ರು. ಇವರ ಜಗಳ ಬಿಟ್ಟು ಗಾಳಿನೇ ಕೇಳಿದ್ರೆ ಆಯ್ತಲ್ಲ. 24 ಗಂಟೆ ಗಾಳಿ ಎಳೆದ ಬಿಳಿ ಫಿಲ್ಟರ್ ಬೂದಿ ಬಣ್ಣ ಆಗಿರುತ್ತೆ, ಅದನ್ನ ಲ್ಯಾಬಲ್ಲಿ ಪರೀಕ್ಷೆ ಮಾಡಿದ್ರೆ ಪೊಟ್ಯಾಸಿಯಂ ಜಾಸ್ತಿ ಇದ್ರೆ ಹುಲ್ಲು-ಸೌದೆ ಸುಟ್ಟಿದ್ದು, ಸಿಲಿಕಾನ್, ಅಲ್ಯುಮಿನಿಯಂ ಇದ್ರೆ ಮಣ್ಣಿನ ಧೂಳು, ಹಿಂಗೆ ಗುರುತು ಸಿಗ್ತಾ ಹೋಗುತ್ತೆ. ಅಜ್ಜಿ ಸಾಂಬಾರು ಬಾಯಿಗಿಟ್ಟು ಇಂಗು ಜಾಸ್ತಿ ಆಯ್ತು ಅಂತಾಳಲ್ಲ, ಫಿಲ್ಟರ್ ಮೇಲಿನ ಕಣ ನೋಡಿ ಹೊಗೆ ಎಲ್ಲಿಂದ ಎಷ್ಟು ಬಂತು ಅಂತ ಹೇಳೋ ಗಣಿತದ ಮಾಡೆಲ್ ಮಾಡೋದೂ ಅಷ್ಟೇ, ಲೆಕ್ಕ ಇಟ್ಟು ಮಾಡುತ್ತೆ.

ದಿಲ್ಲಿ ಗಾಳಿ ಬಗ್ಗೆ ಐಐಟಿ ಕಾನ್ಪುರ ಮಾಡಿದ ರಿಪೋರ್ಟ್ ನೋಡಿ. ಎಲ್ಲಿಂದ ಎಷ್ಟು ಹೊರಡುತ್ತೆ ಅಂತ ಕೂಡಿಸಿದಾಗ ಪಿಎಂ 2.5ರಲ್ಲಿ, ಅಂದ್ರೆ ಗಾಳೀಲಿರೋ ತೀರಾ ಸಣ್ಣ ಕಣಗಳಲ್ಲಿ, ರಸ್ತೆ ಧೂಳೇ 38%. ಆದ್ರೆ ಚಳಿಗಾಲದ ಫಿಲ್ಟರ್ ಮೇಲೆ ಕೂತಿದ್ದು ನೋಡಿದ್ರೆ ಧೂಳು 4%ರ ಆಸುಪಾಸು, ಹುಲ್ಲು-ಸೌದೆ ಸುಟ್ಟ ಹೊಗೆ ಕಾಲು ಭಾಗ! ಈ ಲೆಕ್ಕ ಇಲ್ದಿದ್ರೆ ಜನವರೀಲಿ ರಸ್ತೆಗೆ ಟ್ಯಾಂಕರ್ ನೀರು ಚಿಮುಕಿಸೋದೇ ದೊಡ್ಡ ಪರಿಹಾರ ಅನ್ಕೊಂಡಿರ್ತಿದ್ವಿ.

ವಿರೋಧ

ಸರಿ, ಸಾಂಬಾರು ಹುಳಿ ಅಂತ ಗೊತ್ತಾಯ್ತು, ಅದು ಹುಣಸೆ ಹುಳಿನಾ ಟೊಮ್ಯಾಟೊದ್ದಾ? ಪೊಟ್ಯಾಸಿಯಂ ಕೂಳೆಯಿಂದ್ಲೂ ಬರುತ್ತೆ, ವಾಚ್‌ಮನ್ ಚಳಿ ಕಾಯಿಸ್ಕೊಳ್ಳೋಕೆ ಹಚ್ಚಿದ ಬೆಂಕಿಯಿಂದ್ಲೂ ಬರುತ್ತೆ, ಪಟಾಕಿಯಿಂದ್ಲೂ. ಇಂಥ ಮಾಡೆಲ್‌ಗಳಲ್ಲಿ ಸಿಎಂಬಿ ಅನ್ನೋದಕ್ಕೆ ಯಾವ್ಯಾವ ಮೂಲ ಇದೆ ಅಂತ ನಾವೇ ಮೊದಲು ಹೇಳ್ಬೇಕು, ನಾವು ಹೇಳದೇ ಬಿಟ್ಟಿದ್ದು ಉತ್ತರದಲ್ಲೂ ಇರಲ್ಲ. ಪಿಎಂಎಫ್ ಅನ್ನೋ ಇನ್ನೊಂದು ಮಾಡೆಲ್‌ಗೆ ಅದು ಬೇಡ, ಆದ್ರೆ ಅದು ಕೊಡೋದು ಫ್ಯಾಕ್ಟರ್ 1, ಫ್ಯಾಕ್ಟರ್ 2 ಅಂತ, ನಾಮಕರಣ ಮಾಡೋರು ಕಂಪ್ಯೂಟರ್ ಮುಂದೆ ಕೂತವ್ರು, ಎಷ್ಟು ಫ್ಯಾಕ್ಟರ್ ಇರ್ಬೇಕು ಅನ್ನೋದೂ ಅವರದ್ದೇ ತೀರ್ಮಾನ.

ಇನ್ನು ಅದೇ ರಿಪೋರ್ಟಲ್ಲಿ ಚಳಿಗಾಲದ 30% 'ಸೆಕೆಂಡರಿ' ಕಣಗಳು, ಅಂದ್ರೆ ಗಂಧಕದ, ಸಾರಜನಕದ ಅನಿಲಗಳು ಅಮೋನಿಯಾ ಜೊತೆ ಸೇರಿ ಗಾಳೀಲೇ ಹುಟ್ಟಿದ್ದು. ಯಾವ ಲಾರಿದು, ಯಾವ ವಿದ್ಯುತ್ ಸ್ಥಾವರದ್ದು, ಯಾವ ರಾಜ್ಯದ್ದು ಅಂತ ಫಿಲ್ಟರ್ ಹೇಳಲ್ಲ, ನೋಟಿಸ್ ಯಾರಿಗೆ ಕೊಡ್ತೀರಾ? ಸ್ಯಾಂಪಲ್ ತಗೊಂಡಿದ್ದು 2013-14ರಲ್ಲಿ, 2018ರಲ್ಲಿ ದಿಲ್ಲಿಗೆ ಗಂಧಕ ಕಡಿಮೆ ಇರೋ ಬಿಎಸ್-6 ಪೆಟ್ರೋಲ್-ಡೀಸೆಲ್ ಬಂತು, ಬದರ್ಪುರ ಕಲ್ಲಿದ್ದಲು ಸ್ಥಾವರ ಮುಚ್ತು, ಜನ ಮಾತ್ರ ಇನ್ನೂ ಹಳೇ ಅಂಕಿ ಹಿಡ್ಕೊಂಡೇ ವಾದ ಮಾಡ್ತಾರೆ. 38, 4 ಎರಡೂ ಒಂದೇ ರಿಪೋರ್ಟಲ್ಲಿ ಇರೋದ್ರಿಂದ ಯಾರಿಗೆ ಯಾವುದು ಬೇಕೋ ಅದನ್ನ ಎತ್ಕೊಂಡು ಹೋಗ್ಬೋದು. ಟ್ಯಾಂಕರ್‌ಗಳಂತೂ ಚಳಿಗಾಲದಲ್ಲಿ ಇವತ್ತಿಗೂ ನೀರು ಚಿಮುಕಿಸ್ತಾನೇ ಇವೆ.