ಯುವನಿಧಿ: ಘೋಷಣೆ ತಪ್ಪಿದರೆ ಭತ್ಯೆ ನಿಲ್ಲಬೇಕೇ?

2024ರ ಜನವರಿ 12, ವಿವೇಕಾನಂದ ಜಯಂತಿಯ ದಿನ, ಶಿವಮೊಗ್ಗದ ಹಳೇ ಜೈಲಿನ ಜಾಗದ ಫ್ರೀಡಂ ಪಾರ್ಕ್‌ನಲ್ಲಿ ಕೆಲಸವಿಲ್ಲದ ಯುವಜನರಿಗೆ ಭತ್ಯೆ ಕೊಡುವ ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆ ಯುವನಿಧಿಗೆ ಚಾಲನೆ ಸಿಕ್ಕಿತು. ಓದು ಮುಗಿದು 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ‘ಇನ್ನೂ ಕೆಲಸ ಸಿಕ್ಕಿಲ್ಲ, ಮುಂದೆ ಓದುತ್ತಲೂ ಇಲ್ಲ’ ಎಂದು ರಾಜ್ಯದ ಆನ್‌ಲೈನ್ ಸೇವಾ ಪೋರ್ಟಲ್ ಸೇವಾಸಿಂಧುವಿನಲ್ಲಿ ಆಗಾಗ ಸ್ವಯಂಘೋಷಣೆ ಕೊಡಬೇಕು. ಮೊದಲು ಪ್ರತಿ ತಿಂಗಳು 25ರೊಳಗೆ ಕೊಡಬೇಕಿತ್ತು, ಆಮೇಲೆ ಮೂರು ತಿಂಗಳಿಗೊಮ್ಮೆ ಎಂದಾಯಿತು. ತಪ್ಪಿದರೆ ಹಣ ನಿಲ್ಲುತ್ತದೆ. ಇದು ಸರಿ ಎನ್ನುತ್ತಾರೆ ಸಾಗರದ ಕಡೆಯ ಒಬ್ಬ ನಿವೃತ್ತ ಖಜಾನೆ ನೌಕರರು. ಅಲ್ಲವೆನ್ನುತ್ತಾರೆ ಹೊಸನಗರ ತಾಲ್ಲೂಕಿನಲ್ಲಿ, ಹಳ್ಳಿಯಲ್ಲೇ ಸರ್ಕಾರಿ ಸೇವೆಗಳಿಗೆ ಅರ್ಜಿ ಹಾಕಿಸುವ ಗ್ರಾಮ ಒನ್ ಕೇಂದ್ರ ನಡೆಸುವ ಹೆಣ್ಣುಮಗಳು.

ಪರ: ಕೇಳದೆ ಕೊಡುವುದಕ್ಕಿಂತ ಕೇಳಿ ಕೊಡುವುದು ಮೇಲು

ಖಜಾನೆಯಲ್ಲಿ ಮೂವತ್ತೊಂದು ವರ್ಷ ಬಿಲ್ಲು ನೋಡಿದವನು ನಾನು. ನವೆಂಬರ್ ಬಂತೆಂದರೆ ನಮ್ಮ ಜಗಲಿಯ ತುಂಬ ಪಿಂಚಣಿದಾರರು. ಬದುಕಿದ್ದೇನೆ ಎಂದು ಸಹಿ ಹಾಕಿ ಜೀವಂತ ಪ್ರಮಾಣಪತ್ರ ಕೊಡಲು ಬರುತ್ತಿದ್ದರು. ಸಿಗಂದೂರು ಸೇತುವೆ ಆಗುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು: ತುಮರಿ ಕಡೆಯ ಒಬ್ಬ ಅಜ್ಜಿ ಬೆಳಗಿನ ಲಾಂಚ್ ಹಿಡಿದು ಹೊಳೆ ದಾಟಿ, ಬಸ್ಸು ಹತ್ತಿ, ಮಧ್ಯಾಹ್ನದ ಹೊತ್ತಿಗೆ ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದರು. ಹೆಬ್ಬೆರಳಿನ ಶಾಯಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ‘ಬರೂ ವರ್ಷ ಬತ್ನೋ ಇಲ್ವೋ’ ಎನ್ನುವರು. ಹತ್ತು ವರ್ಷ ಬಂದರು. ಬದುಕಿದ್ದೇನೆ ಎಂದು ಹೇಳಲು ಎಂಬತ್ತರ ಅಜ್ಜಿ ಬರಬಹುದಾದರೆ, ಕೆಲಸ ಸಿಕ್ಕಿಲ್ಲ ಎಂದು ಹೇಳಲು ಇಪ್ಪತ್ಮೂರರ ಹುಡುಗನಿಗೆ ಆಗದೇ? ಅವನಿಗಂತೂ ಕೈಯಲ್ಲೇ ಫೋನಿದೆ.

ಉಳಿದ ಗ್ಯಾರಂಟಿಗಳ ಹಾಗಲ್ಲ ಇದು. ಗೃಹಲಕ್ಷ್ಮಿ ಹಣ ಪಡೆಯುವ ಮನೆಯ ಯಜಮಾನಿ ಇವತ್ತೂ ಯಜಮಾನಿ, ಬರುವ ತಿಂಗಳೂ ಯಜಮಾನಿ. ನಿರುದ್ಯೋಗ ಹಾಗೆ ನಿಂತ ನೀರಲ್ಲ. ಸೋಮವಾರ ಮನೆಯಲ್ಲಿದ್ದ ಹುಡುಗ ಶುಕ್ರವಾರ ಬೆಂಗಳೂರಿನ ಯಾವುದೋ ಅಂಗಡಿಯ ಲೆಕ್ಕ ಬರೆಯುತ್ತಿರುತ್ತಾನೆ. ಭವಿಷ್ಯನಿಧಿ ಕಟ್ಟುವ ಕಡೆ ಸೇರಿದರೆ ಸರ್ಕಾರದ ಕಂಪ್ಯೂಟರಿಗೆ ಗೊತ್ತಾದೀತು. ಅಂಗಡಿ, ಗ್ಯಾರೇಜು, ಸಣ್ಣ ಆಫೀಸುಗಳಲ್ಲಿ ಸೇರಿದರೆ ಅದು ಗೊತ್ತಿರುವುದು ಅವನೊಬ್ಬನಿಗೇ. ಅವನನ್ನೇ ಕೇಳದೆ ಬೇರೆ ದಾರಿ ಯಾವುದಿದೆ?

ದಾರಿ ಇದೆ, ಆದರೆ ಅದು ಕೆಟ್ಟ ದಾರಿ. ಘೋಷಣೆ ಬೇಡವೆಂದ ದಿನ ಪರಿಶೀಲನೆ ಶುರುವಾಗುತ್ತದೆ. ಯಾರೋ ಒಬ್ಬರು ಫೈಲು ಹಿಡಿದು ಮನೆಗೆ ಬರುತ್ತಾರೆ, ಅಕ್ಕಪಕ್ಕದ ಮನೆಯವರನ್ನು ‘ಇವರ ಮಗ ಎಂತ ಮಾಡ್ತಾನೆ’ ಎಂದು ವಿಚಾರಿಸುತ್ತಾರೆ. ಕೆಲಸ ಸಿಗದ ಮಗನನ್ನು ಇಟ್ಟುಕೊಂಡ ಮನೆಗೆ ಅದಕ್ಕಿಂತ ದೊಡ್ಡ ನೋವು ಬೇರೆ ಬೇಕೇ? ಸ್ವಯಂಘೋಷಣೆ ಎಂದರೆ ಅರ್ಜಿದಾರನ ಮಾತನ್ನು ಸರ್ಕಾರ ಹಾಗೇ ನಂಬುವುದು. ಗೆಜೆಟೆಡ್ ಅಧಿಕಾರಿಯ ಸಹಿಗೆ ಅಲೆದ ಕಾಲ ಕಂಡವನಿಗೆ ಆ ನಂಬಿಕೆಯ ಬೆಲೆ ಗೊತ್ತು.

ವಸೂಲಿಯ ಮಾತನ್ನೂ ಹೇಳಲೇಬೇಕು. ಕೆಲಸ ಸಿಕ್ಕಿದ ಮೇಲೂ ಏಳು ತಿಂಗಳು ಹಣ ಬಂದಿತೆಂದು ಇಟ್ಟುಕೊಳ್ಳಿ, 21,000 ರೂಪಾಯಿ. ಅದು ಅಷ್ಟರಲ್ಲಿ ಬೈಕಿನ ಕಂತಿಗೋ ತಂಗಿಯ ಫೀಸಿಗೋ ಹೋಗಿರುತ್ತದೆ. ವರ್ಷದ ನಂತರ ವಾಪಸು ಕಟ್ಟಿ ಎಂಬ ನೋಟಿಸು ಬರುತ್ತದೆ. ನನ್ನ ಸರ್ವೀಸಿನಲ್ಲಿ ಅತ್ಯಂತ ಸಂಕಟದಿಂದ ಸಹಿ ಹಾಕಿದ ಕಾಗದಗಳೆಂದರೆ ವಸೂಲಿ ನೋಟಿಸುಗಳೇ. ತಪ್ಪು ಇಲಾಖೆಯದ್ದಾಗಿದ್ದರೂ ಕಟ್ಟುವವರು ಬಡವರಾಗಿರುತ್ತಿದ್ದರು. ಒಂದು ಕಂತು ತಡೆದು ‘ಹೇಳಿ, ಏನಾಯಿತು’ ಎಂದು ಕೇಳುವುದು ಅದಕ್ಕಿಂತ ಸಾವಿರ ಪಾಲು ವಾಸಿ.

ತಿಂಗಳಿಗೊಮ್ಮೆ ಎಂದಿದ್ದದ್ದು ಅತಿಯಾಯಿತು, ಒಪ್ಪುತ್ತೇನೆ. ಅದನ್ನು ಮೂರು ತಿಂಗಳಿಗೆ ಇಳಿಸಿದ್ದು ಒಳ್ಳೆಯದಾಯಿತು. ಸಂವಿಧಾನದ 41ನೇ ವಿಧಿ ನಿರುದ್ಯೋಗದ ಹೊತ್ತಿಗೆ ಸರ್ಕಾರದ ನೆರವು ಸಿಗಬೇಕು ಎನ್ನುತ್ತದೆ. ಅದೇ ಉಸಿರಿನಲ್ಲಿ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂದೂ ಹೇಳುತ್ತದೆ. ಒಬ್ಬರಿಗೆ ಎರಡು ವರ್ಷಕ್ಕೆ 72,000 ರೂಪಾಯಿ ಎತ್ತಿಡುವ ಸರ್ಕಾರ, ಇನ್ನೂ ಬೇಕೇ ಎಂದು ನಡುನಡುವೆ ಕೇಳುವುದರಲ್ಲಿ ನನಗೆ ದೋಷ ಕಾಣುವುದಿಲ್ಲ.

ನಮ್ಮ ಕೇರಿಯ ಒಬ್ಬ ಹುಡುಗಿ, ಬಿಎಸ್ಸಿ ಮಾಡಿದವಳು, ಮೊನ್ನೆ ಸಂಜೆ ಸಕ್ಕರೆ ಹಿಡಿದುಕೊಂಡು ಬಂದಳು. ಭದ್ರಾವತಿಯಲ್ಲಿ ಕೆಲಸ ಸಿಕ್ಕಿತ್ತು. ‘ಅಜ್ಜಾ, ಈ ಸಲದ ಫಾರಂನಲ್ಲಿ ಕೆಲಸ ಸಿಕ್ಕಿದೆ ಅಂತಾನೇ ಹಾಕಿದೆ’ ಎಂದಳು. ಇನ್ನೂ ಐದು ತಿಂಗಳ ಹಣ ಬರುವುದಿತ್ತು, ಅದನ್ನು ಅವಳೇ ಬಿಟ್ಟುಕೊಟ್ಟಿದ್ದಳು. ಅದನ್ನು ಹೇಳುವಾಗ ಅವಳ ಮುಖ ಅರಳಿತ್ತು.

ವಿರೋಧ: ನಿಲ್ಲಿಸುವ ಮೊದಲು ಕಾರಣ ಹೇಳಿ

ಮೇಲೆ ಬರೆದ ಹಿರಿಯರ ಮಾತನ್ನು ಎರಡು ಸಲ ಓದಿದೆ. ಘೋಷಣೆ ಬೇಕು ಎಂಬಲ್ಲಿ ನನ್ನದೇನೂ ತಕರಾರಿಲ್ಲ. ಅದು ತಪ್ಪಿದ ಕೂಡಲೇ ಹಣ ತಾನಾಗಿ ನಿಲ್ಲುತ್ತದಲ್ಲ, ನಾನು ಜಗಳ ಮಾಡುವುದು ಅಲ್ಲಿ.

2024ರ ಜುಲೈ. ಘೋಷಣೆ ತಿಂಗಳಿಗೊಮ್ಮೆ ಇದ್ದ ಕಾಲ. ಆ ವರ್ಷದ ಆಷಾಢದ ಮಳೆ ನಮ್ಮ ಕಡೆಯವರಿಗೆಲ್ಲ ನೆನಪಿದೆ. 25ನೇ ತಾರೀಕು ಮಧ್ಯಾಹ್ನ ಒಬ್ಬಳು ಹುಡುಗಿ ಛತ್ರಿ ಮಡಚುತ್ತಾ ಒಳಗೆ ಬಂದಳು. ಬಿಕಾಂ ಮಾಡಿದವಳು, ಅಡಿಕೆ ತೋಟದ ಮನೆ. ಕರೆಂಟ್ ಇರಲಿಲ್ಲ, ಯುಪಿಎಸ್‌ನಲ್ಲಿ ಕಂಪ್ಯೂಟರ್ ಓಡುತ್ತಿತ್ತು. ಫಾರಂ ತೆರೆದು ಆಧಾರ್ ಸಂಖ್ಯೆ ಹಾಕಿದೆ. ಒಟಿಪಿ ಹೋಗಿದ್ದು ಅವಳ ಅಪ್ಪನ ನಂಬರಿಗೆ. ಅವಳು ಹೈಸ್ಕೂಲಿನಲ್ಲಿದ್ದಾಗ ಆಧಾರ್‌ಗೆ ಕೊಟ್ಟ ನಂಬರ್ ಅದು. ನಮ್ಮ ಊರುಗಳಲ್ಲಿ ಅರ್ಧ ಮಕ್ಕಳದ್ದು ಹೀಗೇ.

‘ಅಕ್ಕಾ, ಅಪ್ಪನಿಗೆ ಫೋನ್ ಹೋಗ್ತಾ ಇಲ್ಲ. ಮಳೆ ಹೊಳವಾಯ್ತು ಅಂತ ಕೊಳೆ ಔಷಧಿ ಹೊಡೆಸಕ್ಕೆ ತೋಟಕ್ಕೆ ಇಳಿದಿದಾರೆ.’

ತೋಟ ಕಣಿವೆಯಲ್ಲಿ. ಅಲ್ಲಿ ಸಿಗ್ನಲ್ ಇಲ್ಲ. ಔಷಧಿ ಹೊಡೆಸುವವರು ಬಂದ ದಿನ ಬಿಟ್ಟರೆ ಅಡಿಕೆಗೆ ಕೊಳೆ ರೋಗ ಬಂದು ವರ್ಷದ ಫಸಲೇ ಉದುರುತ್ತದೆ, ಆ ಮನುಷ್ಯ ಫೋನು ಹಿಡಿದು ಗುಡ್ಡ ಹತ್ತಿ ಕೂರಲು ಆಗುವುದಿಲ್ಲ. ಹತ್ತು ನಿಮಿಷಕ್ಕೆ ಒಟಿಪಿ ಸತ್ತುಹೋಯಿತು. ಮೂರು ಸಲ ಕಳಿಸಿದೆ. ನಾಲ್ಕನೆಯ ಸಲಕ್ಕೆ ಯುಪಿಎಸ್ ಕೀಂಗುಟ್ಟಿ ನಿಂತಿತು. ಹುಡುಗಿ ಅಲ್ಲೇ ಬೆಂಚಿನ ಮೇಲೆ ಕತ್ತಲಾಗುವವರೆಗೆ ಕೂತಿದ್ದಳು. ಆ ಕಂತು ಹೋಯಿತು. ಅವಳಿಗೆ ಕೆಲಸ ಸಿಕ್ಕಿರಲಿಲ್ಲ, ಸುಳ್ಳು ಹೇಳಿರಲಿಲ್ಲ, ಸೋಮಾರಿಯಾಗಿಯೂ ಇರಲಿಲ್ಲ.

ಹಿರಿಯರು ಜೀವಂತ ಪ್ರಮಾಣಪತ್ರದ ಹೋಲಿಕೆ ಕೊಟ್ಟರು. ಅದನ್ನೇ ನಾನೂ ಹಿಡಿಯುತ್ತೇನೆ. ಆ ಅಜ್ಜಿ ನವೆಂಬರಿನಲ್ಲಿ ಜ್ವರ ಬಂದು ಮಲಗಿ ಜನವರಿಯಲ್ಲಿ ಬಂದಿದ್ದರೆ ಖಜಾನೆಯವರು ಬಾಕಿ ಸೇರಿಸಿ ಕೊಡುತ್ತಿದ್ದರು. ಪಿಂಚಣಿ ತಡೆಹಿಡಿಯಲಾಗುತ್ತದೆ, ಮುಳುಗಿಹೋಗುವುದಿಲ್ಲ. ಅಜ್ಜಿಯ ಮುಂದೆ ಮಾತಾಡುವುದಕ್ಕೆ ಹಿರಿಯರಂಥ ಒಬ್ಬ ಮನುಷ್ಯರೂ ಕೂತಿದ್ದರು. ಈ ಹುಡುಗಿಯ ಮುಂದೆ ಇದ್ದದ್ದು ಪರದೆ. ‘ನಿಂತ ಕಂತು ಮುಂದೆ ಬರುತ್ತದಾ ಅಕ್ಕಾ’ ಎಂದು ಅವಳು ಕೇಳಿದಾಗ ಆ ಪರದೆಯಲ್ಲಿ ಎಲ್ಲಿ ಒತ್ತಿದರೂ ಉತ್ತರ ಇರಲಿಲ್ಲ.

ಹಣ ಬರದಿರುವುದಕ್ಕೆ ಕಾರಣ ಒಂದೇ ಅಲ್ಲ ಎಂಬುದು ಕೇಂದ್ರದಲ್ಲಿ ಕೂತವರಿಗೆ ಗೊತ್ತು. ಘೋಷಣೆ ತಪ್ಪಿರಬಹುದು. ಪದವಿಯ ದಾಖಲೆ ಅಂಕಪಟ್ಟಿ-ಪ್ರಮಾಣಪತ್ರಗಳ ರಾಷ್ಟ್ರೀಯ ಡಿಜಿಟಲ್ ಭಂಡಾರವಾದ ನ್ಯಾಡ್‌ಗೆ ಏರದೆ ಅರ್ಜಿಯೇ ಪರಿಶೀಲನೆಯಲ್ಲಿ ಕೂತಿರಬಹುದು. ಬೆಂಗಳೂರಿನಿಂದಲೇ ಆ ತಿಂಗಳ ಹಣ ಬಿಡುಗಡೆ ಆಗದಿರಬಹುದು. ಎಲ್ಲಕ್ಕಿಂತ ಹೆಚ್ಚು ನಾನು ನೋಡಿರುವುದು ಎನ್‌ಪಿಸಿಐ ಮ್ಯಾಪಿಂಗ್ ತೊಂದರೆ, ಅಂದರೆ ಆಧಾರ್ ಯಾವ ಬ್ಯಾಂಕ್ ಖಾತೆಗೆ ಜೋಡಣೆಯಾಗಿದೆ ಎಂಬುದರ ಗೊಂದಲ. ಆಧಾರ್ ಮೂಲಕ ನೇರ ಖಾತೆಗೆ ಕಳಿಸುವ ಡಿಬಿಟಿ ಹಣ ನಾವು ತೋರಿಸುವ ಪಾಸ್‌ಬುಕ್ಕಿಗೆ ಬರುವುದಿಲ್ಲ, ಆಧಾರ್‌ಗೆ ಕೊನೆಯ ಸಲ ಜೋಡಿಸಿದ ಖಾತೆಗೆ ಹೋಗುತ್ತದೆ. ಸಿಮ್ ಕೊಳ್ಳುವಾಗ ಹೆಬ್ಬೆಟ್ಟು ಒತ್ತಿಸಿಕೊಂಡು ಅಂಗಡಿಯವನು ತೆರೆದ ಖಾತೆ ಎಷ್ಟೋ ಮಕ್ಕಳ ನೆನಪಿನಲ್ಲೇ ಇಲ್ಲ. ಡಿಬಿಟಿ ಕರ್ನಾಟಕ ಆ್ಯಪ್ ತೆರೆದರೆ ಹಣ ಯಾವ ಬ್ಯಾಂಕಿಗೆ ಹೋಗಿದೆ ಎಂಬುದು ಕಾಣುತ್ತದೆ. ಹಣ ಬಂದಿಲ್ಲ ಎಂದು ಯಾರೇ ಬಂದರೂ ನಾನು ಮೊದಲು ತೆರೆಯುವುದು ಅದನ್ನೇ. ಆದರೆ ಫೋನಿಗೆ ಮೆಸೇಜು ಬರಲಿಲ್ಲ ಎಂದು ಮನೆಯಲ್ಲಿ ಕಾಯುವ ಹುಡುಗನಿಗೆ ಇವೆಲ್ಲ ಒಂದೇ ರೀತಿ ಕಾಣುತ್ತವೆ. ಅವನು ತನ್ನದೇ ತಪ್ಪೆಂದು ತಿಳಿದುಕೊಳ್ಳುತ್ತಾನೆ.

ಹಾಗೆ ನಾಲ್ಕು ತಿಂಗಳು ತನ್ನನ್ನೇ ಬೈದುಕೊಂಡವನೊಬ್ಬನಿದ್ದ, ನಮ್ಮ ತಾಲ್ಲೂಕಿನ ನಗರ ಎಂಬ ಊರಿನ ಕಡೆಯ ಹುಡುಗ. ಅವನ ಫೋನಿನಲ್ಲಿ ಆ್ಯಪ್ ತೆರೆದುಕೊಳ್ಳಲೇ ಇಲ್ಲ. ಸಂಬಂಧಪಟ್ಟ ಕಚೇರಿಗೆ ಮೂರು ಸಲ ಹೋದ, ‘ಆನ್‌ಲೈನಲ್ಲಿ ನೋಡ್ಕೊಳ್ಳಿ’ ಎಂದು ಕಳಿಸಿದರು. ಸರ್ಕಾರದ ಸಹಾಯವಾಣಿ 1902ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಇಟ್ಟುಕೊಂಡ. ಕೊನೆಗೆ ಇಬ್ಬರೂ ಕೂತು ಮಾಹಿತಿ ಹಕ್ಕಿನ ಅರ್ಜಿ ಬರೆದೆವು. ನಮ್ಮ ರಾಜ್ಯದ ನಿಯಮದಲ್ಲಿ ಒಂದೇ ವಿಷಯ ಇರಬೇಕು, 150 ಪದ ದಾಟಬಾರದು, ಶುಲ್ಕ 10 ರೂಪಾಯಿ. ಮೂರೇ ಪ್ರಶ್ನೆ ಹಾಕಿದೆವು: ನನ್ನ ಯಾವ ಯಾವ ಘೋಷಣೆ ಸ್ವೀಕೃತವಾಗಿದೆ, ಯಾವ ತಿಂಗಳಿನಿಂದ ಯಾವ ಕಾರಣಕ್ಕೆ ಹಣ ನಿಂತಿದೆ, ಆ ಬಗ್ಗೆ ಆದೇಶವಾಗಿದ್ದರೆ ಅದರ ಪ್ರತಿ ಕೊಡಿ. ಮೂವತ್ತು ದಿನದ ಗಡುವಿಗೆ ಮೂರು ದಿನ ಇದೆ ಎನ್ನುವಾಗ ಉತ್ತರ ಬಂತು. ಘೋಷಣೆ ಒಂದೂ ತಪ್ಪಿರಲಿಲ್ಲ. ಆಧಾರ್ ಜೋಡಣೆಯಾದ ಖಾತೆ ನಿಷ್ಕ್ರಿಯವಾಗಿದ್ದರಿಂದ ಹಣ ವಾಪಸು ಹೋಗಿತ್ತು. ಬ್ಯಾಂಕಿನಲ್ಲಿ ಸರಿಮಾಡಿಸಲು ಹಿಡಿದದ್ದು ಒಂದು ದಿನ. ಆ ಒಂದು ವಾಕ್ಯ ಮೊದಲ ತಿಂಗಳೇ ಎಸ್‌ಎಂಎಸ್ ಆಗಿ ಬರಬಹುದಿತ್ತಲ್ಲ.

ಉತ್ತರ ಬಾರದಿದ್ದರೆ ಮತ್ತೆ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಈ ದಾರಿಯೇನೋ ಇದೆ. ಆದರೆ ಅದು ಮಾಹಿತಿ ಕೇಳುವ ದಾರಿ. ಹಣ ನಿಂತದ್ದರ ವಿರುದ್ಧ ಮೇಲ್ಮನವಿ ಹಾಕಬೇಕಾದರೆ ಮೊದಲು ಒಂದು ಆದೇಶ ಬೇಕು. ‘ಇಂಥವರ ಭತ್ಯೆಯನ್ನು ಇಂಥ ಕಾರಣಕ್ಕೆ ತಡೆಯಲಾಗಿದೆ’ ಎಂದು ಬರೆದು ಸಹಿ ಹಾಕಿದ ಕಾಗದವನ್ನು ನನ್ನ ಕೇಂದ್ರಕ್ಕೆ ಇವತ್ತಿನವರೆಗೆ ಒಬ್ಬರೂ ತಂದಿಲ್ಲ. ಕಾಗದವೇ ಇಲ್ಲದಿದ್ದರೆ ಯಾವುದನ್ನು ಪ್ರಶ್ನಿಸುವುದು?

ಅಮೆರಿಕದಲ್ಲಿ ಘೋಷಣೆ ನಮ್ಮದಕ್ಕಿಂತ ಬಿಗಿ. ಅಲ್ಲಿ ನಿರುದ್ಯೋಗ ವಿಮೆ ಪಡೆಯುವವರು ಸಾಮಾನ್ಯವಾಗಿ ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಹೇಳಿಕೆ ಕೊಡಬೇಕು. ಆದರೆ ಭತ್ಯೆ ಇಲ್ಲ ಎನಿಸಿಕೊಂಡವರಿಗೆ ನ್ಯಾಯಯುತ ವಿಚಾರಣೆಯ ಅವಕಾಶವಿರಬೇಕು ಎಂದು ಅಲ್ಲಿನ 1935ರ ಸಾಮಾಜಿಕ ಭದ್ರತಾ ಕಾಯ್ದೆಯಲ್ಲೇ ಇದೆ. ಕ್ಯಾಲಿಫೋರ್ನಿಯಾದಲ್ಲಿ ಅರ್ಹರೆಂದು ತೀರ್ಮಾನವಾದವರ ಭತ್ಯೆಯನ್ನೂ ಹಿಂದಿನ ಮಾಲೀಕ ಮೇಲ್ಮನವಿ ಹಾಕಿದ ಎಂಬ ಕಾರಣಕ್ಕೆ ತಡೆಯುತ್ತಿದ್ದರು. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜಾವಾ ಪ್ರಕರಣದಲ್ಲಿ ಅದು ಕೂಡದು ಎಂದಿತು. ಕೆಲಸವಿಲ್ಲದವನಿಗೆ ಆ ಹಣ ಬೇಕಾಗಿರುವುದು ಈಗ, ತೀರ್ಪು ಬಂದ ಮೇಲಲ್ಲ. ಅಷ್ಟು ದೂರವೂ ಹೋಗಬೇಕಿಲ್ಲ. ನಮ್ಮದೇ 2011ರ ಸಕಾಲ ಕಾಯ್ದೆ ಅದರಡಿ ಬರುವ ಸೇವೆಗಳಿಗೆ ದಿನದ ಗಡುವು ಹಾಕಿದೆ, ಮೇಲ್ಮನವಿಗೆ ಅಧಿಕಾರಿಯನ್ನು ತೋರಿಸಿದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಎಂದಿದೆ. ಹುಡುಗರಿಗೆ 25ನೇ ತಾರೀಕು ಇರುವಂತೆ ಕಚೇರಿಗೂ ಒಂದು ತಾರೀಕು ಇರಲಿ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡಿದೆ. ಅಡಿಕೆ ಸುಲಿಯುವ ಕಾಲದಲ್ಲಿ ಪದವಿ ಮಾಡಿದ ಮಕ್ಕಳೂ ಮೆಟ್ಟುಗತ್ತಿಯ ಮುಂದೆ ಕೂರುತ್ತಾರೆ. ಸುಲಿದಷ್ಟಕ್ಕೆ ದುಡ್ಡು, ರಾತ್ರಿ ಹನ್ನೊಂದರವರೆಗೆ. ಒಬ್ಬ ಹುಡುಗ ಕರೆಗಟ್ಟಿದ ಬೆರಳಲ್ಲೇ ಮೌಸ್ ಹಿಡಿದು ನನ್ನನ್ನು ಕೇಳಿದ: ‘ಅಕ್ಕಾ, ಹನ್ನೆರಡು ದಿನ ಸುಲಿದಿದೀನಿ. ಕೆಲಸ ಇಲ್ಲ ಅಂತ ಒತ್ತಿದ್ರೆ ಸುಳ್ಳಾಗುತ್ತಾ?’ ಫಾರಂನಲ್ಲಿ ಹೌದು, ಇಲ್ಲ ಎರಡೇ. ಸುಳ್ಳು ಘೋಷಣೆಗೆ ದಂಡ, ವಸೂಲಿ ಎಂದು ಕೆಳಗೆ ಬರೆದಿದೆ. ಅವನು ಹೆದರಿ ಆ ಸಲ ಏನೂ ಒತ್ತದೆ ಎದ್ದುಹೋದ. ಸತ್ಯವಂತನಾದದ್ದಕ್ಕೆ ಅವನ ಹಣ ನಿಂತಿತು. ಹಿರಿಯರು ಹೇಳಿದ ನಂಬಿಕೆಯ ಬೆಲೆ ಅವನಿಗೆ ಗೊತ್ತಿತ್ತು. ಅವನನ್ನು ನಂಬಿ ಎರಡು ಸಾಲು ಬರೆಯಲು ಆ ಫಾರಂನಲ್ಲಿ ಜಾಗ ಇರಲಿಲ್ಲ.

ಹಾಗಾದರೆ ಏನು ಮಾಡಬೇಕು? ಘೋಷಣೆ ತಪ್ಪಿದವರಿಗೆ ಕನ್ನಡದಲ್ಲಿ ಒಂದು ಎಸ್‌ಎಂಎಸ್, ಆಮೇಲೆ ಒಂದು ಕರೆ. ಮೂವತ್ತು ದಿನದ ಹೆಚ್ಚುವರಿ ಅವಕಾಶ. ಕೊಟ್ಟ ಮೇಲೆ ಬಾಕಿ ಸಮೇತ ಪಾವತಿ. ಸಿಗ್ನಲ್ ಇಲ್ಲದ ಊರಿನವರು ಗ್ರಾಮ ಪಂಚಾಯಿತಿಯಲ್ಲಿ ಕಾಗದದ ಮೇಲೆ ಘೋಷಣೆ ಕೊಟ್ಟರೆ ಸ್ವೀಕೃತಿ ಕೊಟ್ಟು ತೆಗೆದುಕೊಳ್ಳುವುದು. ಇಷ್ಟಾದ ಮೇಲೂ ಉತ್ತರ ಇಲ್ಲವೆಂದರೆ ಕಾರಣ ಬರೆದು ನಿಲ್ಲಿಸಲಿ, ನಾನು ಬೇಡ ಎನ್ನುವುದಿಲ್ಲ.

ಆ ಬಿಕಾಂ ಹುಡುಗಿ ಹೋದ ಮೇಲೆ ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಹೆಸರು, ಊರು, ಒಟಿಪಿ ಹೋಗುವುದು ಯಾರ ಫೋನಿಗೆ, ಆ ಫೋನ್ ಎಷ್ಟು ಹೊತ್ತಿಗೆ ಸಿಗ್ನಲ್ ಇರುವಲ್ಲಿ ಇರುತ್ತದೆ. ಘೋಷಣೆಯ ತಿಂಗಳಲ್ಲಿ 15ರಿಂದಲೇ ಒಬ್ಬೊಬ್ಬರಿಗೂ ಫೋನ್ ಮಾಡುತ್ತೇನೆ. ಅವಳ ಅಪ್ಪನ ಹೆಸರಿನ ಮುಂದೆ ‘ಬೆಳಿಗ್ಗೆ ಏಳರೊಳಗೆ, ಹಾಲು ಹಾಕಲು ಡೈರಿಗೆ ಬಂದಾಗ’ ಎಂದು ಬರೆದಿದೆ. ಈ ಸಲ ಅವಳದ್ದು ಏಳು ಗಂಟೆಗೆ ಐದು ನಿಮಿಷ ಇರುವಾಗ ಆಯಿತು.