ಆ ಒಂದು ಹ್ಯಾಶ್ ಗುರುತು

ದಾವಣಗೆರೆಯಲ್ಲಿ ಮೆಕ್ಕೆಜೋಳದ ಸುಗ್ಗಿ ಶುರುವಾಯಿತು ಅಂದರೆ ನನ್ನ ಫೋನಿಗೆ ಪುರುಸೊತ್ತು ಇರುವುದಿಲ್ಲ. ಮಂಡಿಯವರು, ಗೊಬ್ಬರದ ಅಂಗಡಿಯವರು, ಲಾರಿ ಆಫೀಸಿನವರು ಎಲ್ಲರಿಗೂ ಆಗಲೇ ಕಂಪ್ಯೂಟರ್ ಬೇಕು. ಎಪಿಎಂಸಿ ಹತ್ತಿರದ ಒಂದು ದಲಾಲಿ ಮಂಡಿಯಿಂದ ಸಾಹುಕಾರರು ಫೋನ್ ಮಾಡಿದರು. "ಹೊಸ ಸರ್ವರ್ ಹಾಕ್ಸಿ ಎರಡು ದಿನ ಆತು. ಒಳಗಿನ ಮಷೀನ್‌ನಾಗೆ ಎಲ್ಲಾ ಬರ್ತತಿ. ಹೊರಗಿನ ಕೌಂಟರ್‌ನಾಗೆ ಒಂದೂ ಬರವಲ್ದು. ಒಂಚೂರು ಬಂದು ನೋಡ್ರಿ."

ಹೋದೆ. ಅಲ್ಲಿ ನೋಡಿದ್ದನ್ನು ನಮ್ಮೂರಲ್ಲಿ ಈ ಕೆಲಸ ಮಾಡುವ ಹುಡುಗರಿಗೂ, ಮಾಡಿಸುವ ಅಂಗಡಿಯವರಿಗೂ ಹೇಳಲೇಬೇಕು ಅನಿಸಿತು. ಬರಹ ಉದ್ದ ಇದೆ, ಓದಿ.

ಮಂಡಿಯ ಒಳಕೋಣೆಯಲ್ಲಿ ಹೊಸ ಮಷೀನ್, ಅದೇ ಸರ್ವರ್. ಅದರಲ್ಲಿ ಉಬುಂಟು ಅನ್ನುವ ಆಪರೇಟಿಂಗ್ ಸಿಸ್ಟಂ, ಅದರ ಮೇಲೆ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್. ಮುಂದೆ ಕೌಂಟರಿನಲ್ಲಿ ನಾಲ್ಕು ಕಂಪ್ಯೂಟರ್. ತೂಕದ ಚೀಟಿ, ರೈತರ ಬಿಲ್ಲು, ಖರೀದಿದಾರರ ಬಾಕಿ ಎಲ್ಲ ಆ ಒಂದು ಡೇಟಾಬೇಸಿಗೆ ಹೋಗಬೇಕು. ಸಾಫ್ಟ್‌ವೇರ್ ಕೊಟ್ಟ ಕಂಪನಿ ಕಳಿಸಿದ ಹುಡುಗ ಎರಡು ದಿನದಿಂದ ಅಲ್ಲೇ ಕೂತಿದ್ದ. ಕಣ್ಣು ಕೆಂಪಾಗಿತ್ತು. ಗುಮಾಸ್ತರು ಬಿಲ್ಲುಗಳನ್ನು ಕೈಯಲ್ಲೇ ಬರೆಯುತ್ತಿದ್ದರು. ಹೊರಗೆ ಟ್ರ್ಯಾಕ್ಟರ್ ಸಾಲು ನಿಂತಿತ್ತು. ದುಡ್ಡು ಇಸ್ಕೊಂಡು ಸಂಜೆ ಬಸ್ಸಿಗೆ ಊರು ಸೇರಬೇಕಾದ ರೈತರು ಅವರು.

ಕೌಂಟರಿನ ಪರದೆ ಮೇಲೆ ಒಂದೇ ಸಾಲು. ಡೇಟಾಬೇಸ್ ಕನೆಕ್ಷನ್ ಫೇಲ್ಡ್, ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ. ಅಷ್ಟೇ.

ನನಗೆ ಸಿಟ್ಟು ಬಂದಿದ್ದು ಮೊದಲು ಇಲ್ಲೇ. ಯಾಕೆ ಅಂದರೆ, ಡೇಟಾಬೇಸ್ ಇಷ್ಟು ಮೊಟಕಾಗಿ ಮಾತಾಡುವುದೇ ಇಲ್ಲ. ನನ್ನ ಲ್ಯಾಪ್‌ಟಾಪನ್ನು ಅದೇ ನೆಟ್‌ವರ್ಕ್ ಸ್ವಿಚ್ಚಿಗೆ ಸಿಕ್ಕಿಸಿ, ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಪಿಎಸ್‌ಕ್ಯೂಎಲ್ ಅನ್ನುವ ಟೂಲಿನಿಂದ ನೇರ ಕರೆದು ನೋಡಿದೆ. ಉತ್ತರ ಪೂರ್ತಿ ಬಂತು. ಯಾವ ಐಪಿ (ನೆಟ್‌ವರ್ಕಿನಲ್ಲಿ ಮಷೀನಿನ ವಿಳಾಸ), 5432 ಅನ್ನುವ ಪೋರ್ಟು (ಆ ಮಷೀನಿನಲ್ಲಿ ಪೋಸ್ಟ್‌ಗ್ರೆಸ್ ಕೂರುವ ಬಾಗಿಲಿನ ನಂಬರು), ಕನೆಕ್ಷನ್ ರಿಫ್ಯೂಸ್ಡ್. ಅದರ ಕೆಳಗೆ ಒಂದು ಪ್ರಶ್ನೆ ಬೇರೆ. ಆ ಮಷೀನಿನಲ್ಲಿ ಸರ್ವರ್ ಓಡುತ್ತಿದೆಯಾ, ಟಿಸಿಪಿ ಐಪಿ ಮೂಲಕ, ಅಂದರೆ ನೆಟ್‌ವರ್ಕಿನಿಂದ, ಬರುವವರನ್ನು ತೆಗೆದುಕೊಳ್ಳುತ್ತಿದೆಯಾ ಅಂತ. ಎಲ್ಲಿ ನೋಡಬೇಕು ಅಂತ ಅದೇ ಬೆರಳು ಮಾಡಿ ತೋರಿಸುತ್ತಿತ್ತು. ಅದನ್ನು ಮುಚ್ಚಿ, ಮೇಲೊಂದು ಚಂದದ ಡಬ್ಬಿ ತೋರಿಸಿದ್ದರಿಂದ ಎರಡು ದಿನ ಹೋಯಿತು. ಸಾಫ್ಟ್‌ವೇರ್ ಬರೆಯುವವರು ಇದನ್ನು ಓದುತ್ತಿದ್ದರೆ ಕೇಳಿಕೊಳ್ಳುತ್ತೇನೆ. ಗಿರಾಕಿಗೆ ಬೇಡದಿದ್ದರೆ ತೋರಿಸಬೇಡಿ, ಆದರೆ ಮೂಲ ಎರರ್ ಒಂದು ಲಾಗ್ ಫೈಲಿಗಾದರೂ ಹೋಗಲಿ. ರಿಪೇರಿಗೆ ಬಂದವನ ಕಣ್ಣು ಕಟ್ಟಬೇಡಿ.

ಆ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಮಂಡಿಯ ಲೆಕ್ಕದಲ್ಲೇ ಹೇಳಿದೆ. ನೀನು ಲಾರಿ ತಗೊಂಡು ಯಾರ್ಡಿಗೆ ಬರ್ತೀಯ ಅಂದುಕೋ. ಅಂಗಡಿ ಮುಂದೆ ನಿಂತೆ, ಶೆಟರ್ ಎಳೆದಿದೆ. ಪಕ್ಕದವರು ತಕ್ಷಣ "ಇಲ್ಲಪ್ಪಾ, ತೆಗೆದಿಲ್ಲ" ಅಂತಾರೆ. ಇದು ರಿಫ್ಯೂಸ್ಡ್. ಜಾಗಕ್ಕೆ ಬಂದಿದ್ದೀಯ, ಆದರೆ ಆ ಬಾಗಿಲಲ್ಲಿ ಕೂತು ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಇನ್ನೊಂದು ಸಲ, ಯಾರ್ಡಿನ ಗೇಟಿನಲ್ಲೇ ನಿನ್ನನ್ನು ನಿಲ್ಲಿಸಿದ್ದಾರೆ. ಹೋಗು ಅನ್ನಲ್ಲ, ಬಾ ಅನ್ನಲ್ಲ. ಕಾದು ಕಾದು ನೀನೇ ವಾಪಸ್ ಹೋಗಬೇಕು. ಅದು ಟೈಮ್ಡ್ ಔಟ್. ಸಾಮಾನ್ಯವಾಗಿ ಫೈರ್‌ವಾಲ್, ಅಂದರೆ ನೆಟ್‌ವರ್ಕಿನ ಗೇಟ್ ಕಾಯುವುದು, ಸುಮ್ನೆ ನುಂಗುತ್ತಿದೆ, ಇಲ್ಲಾ ಐಪಿಯೇ ತಪ್ಪು. ಮೂರನೆಯದು, ಅಂಗಡಿ ಒಳಗೇ ಹೋಗಿದ್ದೀಯ, ಗುಮಾಸ್ತರು ಪುಸ್ತಕ ತೆಗೆದು "ನಿಮ್ಮ ಹೆಸರೇ ಇಲ್ವಲ್ಲ" ಅಂತಾರೆ. ಪೋಸ್ಟ್‌ಗ್ರೆಸ್ ಅದನ್ನು, ಯಾರನ್ನು ಬಿಡಬೇಕು ಅಂತ ಬರೆದಿಡುವ ಪಿಜಿ ಎಚ್‌ಬಿಎ ಫೈಲಿನಲ್ಲಿ ಈ ಹೋಸ್ಟಿಗೆ, ಅಂದರೆ ಈ ಮಷೀನಿಗೆ, ಎಂಟ್ರಿ ಇಲ್ಲ ಅಂತ ಹೇಳುತ್ತದೆ. ಹೆಸರಿದ್ದು ಚೀಟಿ ತಾಳೆಯಾಗದಿದ್ದರೆ ಪಾಸ್‌ವರ್ಡ್ ತಪ್ಪು ಅನ್ನುತ್ತದೆ. ನಾಲ್ಕೂ ಬೇರೆ ಬೇರೆ ರೋಗ. ಮದ್ದು ಒಂದೇ ಇರಲು ಹೇಗೆ ಸಾಧ್ಯ?

ವಿಂಡೋಸಿನಲ್ಲಿ ಇದೇ ವಿಷಯ ನಂಬರಿನಲ್ಲಿ ಬರುತ್ತದೆ. 10061 ಅಂದರೆ ರಿಫ್ಯೂಸ್ಡ್, 10060 ಅಂದರೆ ಟೈಮ್ಡ್ ಔಟ್. ಕೊನೆಯ ಒಂದು ಅಂಕಿಯಷ್ಟೇ ವ್ಯತ್ಯಾಸ, ಆದರೆ ಹುಡುಕಬೇಕಾದ ಜಾಗ ಪೂರ್ತಿ ಬೇರೆ. ಕೆಲವು ಫೈರ್‌ವಾಲ್‌ಗಳು ನುಂಗದೆ ನೇರ ಇಲ್ಲ ಅಂತಲೂ ಹೇಳುತ್ತವೆ, ಆಗ ಅದೂ ರಿಫ್ಯೂಸ್ಡ್ ಥರವೇ ಕಾಣುತ್ತದೆ. ಅದು ಕಡಿಮೆ. ಮೊದಲು ಜಾಸ್ತಿ ಆಗುವುದನ್ನು ನೋಡಬೇಕು.

ಈಗ ಸರ್ವರ್ ಮುಂದೆ ಕೂತೆ. ಯಾವ ಬಾಗಿಲಲ್ಲಿ ಯಾರು ಕೂತಿದ್ದಾರೆ ಅಂತ ತೋರಿಸುವ ಎಸ್‌ಎಸ್ ಕಮಾಂಡ್ ಕೊಟ್ಟೆ. ಪೋಸ್ಟ್‌ಗ್ರೆಸ್ ಓಡುತ್ತಿತ್ತು. ಆದರೆ ಅದರ ಮುಂದೆ ಇದ್ದ ವಿಳಾಸ 127.0.0.1. ಅಂದರೆ ಆ ಮಷೀನು ತನ್ನೊಳಗಿನವರ ಮಾತು ಮಾತ್ರ ಕೇಳುತ್ತಿದೆ. ಹೊರಗಿನಿಂದ ಎಷ್ಟು ಕೂಗಿದರೂ ಕೇಳಿಸುವುದಿಲ್ಲ. ಒಳಗೆ ಎಲ್ಲಾ ಬರ್ತತಿ, ಹೊರಗೆ ಬರವಲ್ದು ಅಂತ ಸಾಹುಕಾರರು ಫೋನಿನಲ್ಲೇ ಸರಿಯಾಗಿ ಹೇಳಿದ್ದರು.

"ಅದನ್ನ ಬದಲಾಯಿಸಿದೀನಿ ಅಣ್ಣಾ, ಲಿಸನ್ ಅಡ್ರೆಸಸ್‌ಗೆ ಸ್ಟಾರ್ ಹಾಕಿದೀನಿ, ನೋಡಿ" ಅಂತ ಹುಡುಗ ಫೈಲ್ ತೆಗೆದು ತೋರಿಸಿದ. ಯಾವ ವಿಳಾಸಗಳಲ್ಲಿ ಕೇಳಿಸಿಕೊಳ್ಳಬೇಕು ಅಂತ ಹೇಳುವ ಸಾಲು ಅದು, ಸ್ಟಾರ್ ಅಂದರೆ ಎಲ್ಲ ವಿಳಾಸ. ಹಾಕಿದ್ದ, ನಿಜ. ಸರ್ವರನ್ನು ರೀಸ್ಟಾರ್ಟೂ ಮಾಡಿದ್ದ. ಆದರೆ ಸಾಲಿನ ತಲೆಯಲ್ಲಿ ಒಂದು ಹ್ಯಾಶ್ ಗುರುತು (#) ಹಾಗೇ ಕೂತಿತ್ತು. ಪೋಸ್ಟ್‌ಗ್ರೆಸ್ ಹೊಸದಾಗಿ ಹಾಕಿದಾಗ ಆ ಸಾಲು ಹ್ಯಾಶ್ ಜೊತೆಗೇ ಬರುತ್ತದೆ. ಹ್ಯಾಶ್ ಇದ್ದರೆ ಅದು ಬರೀ ಟಿಪ್ಪಣಿ, ಸರ್ವರ್ ಓದುವುದೇ ಇಲ್ಲ. ಎರಡು ದಿನ, ನಾಲ್ಕು ಕಂಪ್ಯೂಟರ್, ನೂರಾರು ಕೈಬರಹದ ಬಿಲ್ಲು, ಎಲ್ಲಕ್ಕೂ ಕಾರಣ ಅಷ್ಟು ಸಣ್ಣ ಗುರುತು.

ಹುಡುಗ ಪಾಪ ತಲೆ ಕೆಳಗೆ ಹಾಕಿದ. ನಾನು ಬೈಯಲಿಲ್ಲ. ಎರಡು ರಾತ್ರಿ ನಿದ್ದೆಗೆಟ್ಟು, ಹಿಂದೆ ಜನ ನಿಂತು "ಆತಾ? ಆತಾ?" ಅಂತ ಕೇಳುತ್ತಿದ್ದರೆ ಯಾರ ಕಣ್ಣಿಗೂ ಅದು ಬೀಳುವುದಿಲ್ಲ.

ಹ್ಯಾಶ್ ಅಳಿಸಲು ಕೈ ಇಟ್ಟೆ. ಅಳಿಸುವ ಮೊದಲು, ಅವನು ಬೇರೆ ಏನೇನು ಮುಟ್ಟಿದ್ದಾನೆ ನೋಡೋಣ ಅಂತ ಕೇಳಿದೆ. ಒಂದೊಂದಾಗಿ ಹೇಳುತ್ತಾ ಹೋದ. ಮೊದಲ ದಿನವೇ ಫೈರ್‌ವಾಲ್ ಆಫ್ ಮಾಡಿದ್ದ. ಅದರಿಂದ ಆಗಲಿಲ್ಲ ಅಂತ ಪಿಜಿ ಎಚ್‌ಬಿಎ ಫೈಲಿನಲ್ಲಿ ಎಲ್ಲ ಡೇಟಾಬೇಸಿಗೆ, ಎಲ್ಲ ಹೆಸರಿಗೆ, 0.0.0.0/0 ಅಂದರೆ ಯಾವ ವಿಳಾಸದಿಂದ ಬಂದರೂ, ಟ್ರಸ್ಟ್ ಅಂತ ಬರೆದಿದ್ದ. ಟ್ರಸ್ಟ್ ಅಂದರೆ ಪಾಸ್‌ವರ್ಡ್ ಕೇಳಬೇಡ, ಒಳಗೆ ಬಿಡು. ಆಮೇಲೆ ಕಂಪನಿಯವರು ಬೆಂಗಳೂರಿನಿಂದ ನೋಡುತ್ತೇವೆ ಅಂದರು ಅಂತ ರೌಟರಿನಲ್ಲಿ 5432 ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದ.

ನನ್ನ ಕೈ ಕೀಬೋರ್ಡ್ ಮೇಲಿಂದ ತಾನಾಗಿಯೇ ಹಿಂದೆ ಬಂತು. ಎರಡು ದಿನ ಎಲ್ಲರೂ ಹೊರಗಿನಿಂದ ಸಂಪರ್ಕ ಬರ್ತಿಲ್ಲ ಅಂತ ಒದ್ದಾಡಿದರಲ್ಲ, ಆ ಮಂಡಿಯ ಲೆಕ್ಕವನ್ನು ಕಾಯುತ್ತಿದ್ದದ್ದು ಆ ಹ್ಯಾಶ್ ಒಂದೇ. ಉಳಿದ ಬಾಗಿಲೆಲ್ಲ ಹಾರು ಹೊಡೆದಿದ್ದವು. ಅದನ್ನು ಅಳಿಸಿ ರೀಸ್ಟಾರ್ಟ್ ಮಾಡಿದ್ದರೆ ಕೌಂಟರ್ ಖಂಡಿತ ಕೆಲಸ ಮಾಡುತ್ತಿತ್ತು. ಎಲ್ಲರೂ ಸಂತೋಷಪಟ್ಟು ಮನೆಗೆ ಹೋಗುತ್ತಿದ್ದರು. ರೈತರ ಹೆಸರು, ಬ್ಯಾಂಕ್ ಖಾತೆ ನಂಬರು, ಯಾರಿಗೆ ಎಷ್ಟು ಬಾಕಿ, ಎಲ್ಲವೂ ಪಾಸ್‌ವರ್ಡ್ ಇಲ್ಲದೆ ಬೀದಿಯಲ್ಲಿ ಬಿದ್ದಿರುತ್ತಿತ್ತು. ಅದು ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ, ಯಾಕೆ ಅಂದರೆ ಕೆಲಸ ನಡೆಯುತ್ತಿರುತ್ತಿತ್ತಲ್ಲ.

ನಾನು ದುರ್ಗದವನು. ಏಳು ಸುತ್ತಿನ ಕೋಟೆಗೂ ಒಂದು ಕಿಂಡಿ ಸಾಕಾಯಿತು ಅನ್ನುವುದನ್ನು ಚಿಕ್ಕಂದಿನಿಂದ ಕೇಳಿ ಬೆಳೆದವನು. ಅಲ್ಲಿ ಓಬವ್ವ ಇದ್ದಳು. ಮಂಡಿಯ ಒಳಕೋಣೆಯಲ್ಲಿ ರಾತ್ರಿ ಯಾರಿರುತ್ತಾರೆ?

ಇದು ಸುಮ್ನೆ ಹೆದರಿಸುವ ಮಾತಲ್ಲ. 2003ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರಿನ ಒಂದು ದೋಷ ಹಿಡಿದು ಸ್ಲ್ಯಾಮರ್ ಅನ್ನುವ ಹುಳು ಹರಡಿತು. ಅದು ನುಗ್ಗಿದ್ದು 1434ನೇ ಯುಡಿಪಿ ಪೋರ್ಟಿನಿಂದ. ಸುಮಾರು 75,000 ಮಷೀನ್‌ಗಳಿಗೆ ತಗುಲಿತು, ಹೆಚ್ಚಿನವು ಮೊದಲ ಹತ್ತೇ ನಿಮಿಷದಲ್ಲಿ. ಅದಕ್ಕೆ ಮದ್ದು ಆರು ತಿಂಗಳ ಮೊದಲೇ ಬಿಡುಗಡೆಯಾಗಿತ್ತು, ಹಾಕಿಕೊಂಡಿರಲಿಲ್ಲ ಅಷ್ಟೇ. 2017ರ ಶುರುವಿನಲ್ಲಿ ಪಾಸ್‌ವರ್ಡ್ ಇಲ್ಲದೆ ಇಂಟರ್ನೆಟ್ಟಿಗೆ ತೆರೆದಿದ್ದ ಸಾವಿರಾರು ಮೊಂಗೋಡಿಬಿ ಡೇಟಾಬೇಸುಗಳನ್ನು ಅಳಿಸಿ, ದುಡ್ಡು ಕೊಟ್ಟರೆ ವಾಪಸ್ ಅಂತ ಚೀಟಿ ಬಿಟ್ಟು ಹೋದರು. ಅದೇ ವರ್ಷ ಬಂದ 3.6ನೇ ಆವೃತ್ತಿಯಿಂದ ಮೊಂಗೋಡಿಬಿ ಕೂಡ ಹೊಸದಾಗಿ ಹಾಕಿದಾಗ ತನ್ನ ಮಷೀನಿನವರ ಮಾತು ಮಾತ್ರ ಕೇಳುವ ಹಾಗೆ ಬರುತ್ತದೆ. ಹೊಸ ಸರ್ವರ್ ಹೊರಗಿನವರನ್ನು ಬಿಟ್ಟುಕೊಳ್ಳುವುದಿಲ್ಲ ಅಂದರೆ ಅದು ಕೆಟ್ಟಿದೆ ಅಂತ ಅರ್ಥ ಅಲ್ಲ. ಯಾರನ್ನು ಬಿಡಬೇಕು ಅಂತ ನಾವು ಇನ್ನೂ ಹೇಳಿಲ್ಲ, ಅಷ್ಟೇ.

ಹಾಗಾಗಿ ಹ್ಯಾಶನ್ನು ಕೊನೆಗೆ ಇಟ್ಟುಕೊಂಡು, ಉಳಿದದ್ದನ್ನು ಮೊದಲು ಮುಚ್ಚಿದೆವು. ರೌಟರಿನಲ್ಲಿ ತೆರೆದಿದ್ದ ಪೋರ್ಟ್ ಮುಚ್ಚಿದೆವು. ಪಿಜಿ ಎಚ್‌ಬಿಎದಲ್ಲಿ ಟ್ರಸ್ಟ್ ಸಾಲು ಅಳಿಸಿ, ಆ ಒಂದು ಡೇಟಾಬೇಸಿಗೆ, ಆ ಒಂದು ಹೆಸರಿಗೆ, ಮಂಡಿಯ ಒಳಗಿನ 192.168.1.0/24 ವಿಳಾಸಗಳಿಗೆ ಮಾತ್ರ, ಸ್ಕ್ರಾಮ್ ಅನ್ನುವ ಭದ್ರ ಬಗೆಯ ಪಾಸ್‌ವರ್ಡ್ ಜೊತೆ ಅಂತ ಬರೆದೆವು. ಫೈರ್‌ವಾಲ್ ಮತ್ತೆ ಆನ್ ಮಾಡಿ, ಅದೇ ವಿಳಾಸಗಳಿಗೆ 5432 ಬಿಟ್ಟೆವು. ಆಮೇಲೆ ಹ್ಯಾಶ್. ಅದನ್ನು ಆ ಹುಡುಗನ ಕೈಯಲ್ಲೇ ಅಳಿಸಿಸಿದೆ. ಪಿಜಿ ಎಚ್‌ಬಿಎ ಬದಲಿಸಿದರೆ ರೀಲೋಡ್ ಸಾಕು, ಲಿಸನ್ ಅಡ್ರೆಸಸ್ ಬದಲಿಸಿದರೆ ರೀಸ್ಟಾರ್ಟೇ ಬೇಕು. ಇದನ್ನೂ ಬಹಳ ಜನ ಮರೆಯುತ್ತಾರೆ.

ಮೂರು ಕೌಂಟರ್ ತಕ್ಷಣ ಬಂದವು. ನಾಲ್ಕನೆಯದು ಬರಲಿಲ್ಲ. ಆದರೆ ಈಗ ಅದರ ಎರರ್ ಬೇರೆ ಆಗಿತ್ತು. ಅಥೆಂಟಿಕೇಶನ್ ಟೈಪ್ 10 ಗೊತ್ತಿಲ್ಲ ಅನ್ನುತ್ತಿತ್ತು. ಎರರ್ ಬದಲಾಗಿದೆ ಅಂದರೆ ಒಂದು ಬಾಗಿಲು ದಾಟಿದ್ದೇವೆ ಅಂತ, ಖುಷಿಪಡು ಅಂದೆ ಹುಡುಗನಿಗೆ. ಅಲ್ಲಿದ್ದದ್ದು ಹಳೆಯ ಡ್ರೈವರ್, ಅಂದರೆ ಕೌಂಟರಿನ ಸಾಫ್ಟ್‌ವೇರ್ ಡೇಟಾಬೇಸ್ ಜೊತೆ ಮಾತಾಡಲು ಬಳಸುವ ತುಣುಕು. ಪೋಸ್ಟ್‌ಗ್ರೆಸ್ 2021ರ 14ನೇ ಆವೃತ್ತಿಯಿಂದ ಪಾಸ್‌ವರ್ಡನ್ನು ತಾನಾಗಿಯೇ ಸ್ಕ್ರಾಮ್ ಬಗೆಯಲ್ಲಿ ಇಡುತ್ತದೆ, ಹಳೆಯ ಡ್ರೈವರಿಗೆ ಆ ಭಾಷೆ ಬರುವುದಿಲ್ಲ. ಪಾಸ್‌ವರ್ಡನ್ನು ಹಳೆಯ ಎಂಡಿ5 ಬಗೆಗೆ ಇಳಿಸಿಬಿಡೋಣ ಅಂತ ಕಂಪನಿಯಿಂದ ಫೋನಿನಲ್ಲಿ ಹೇಳಿದರು. ನಾನು ಒಪ್ಪಲಿಲ್ಲ. ಒಂದು ಹಳೆಯ ಕಂಪ್ಯೂಟರಿಗೋಸ್ಕರ ಎಲ್ಲರ ಬೀಗವನ್ನೂ ಯಾಕೆ ಸಡಿಲ ಮಾಡಬೇಕು? ಮರುದಿನ ಬೆಳಿಗ್ಗೆ ಹೊಸ ಡ್ರೈವರ್ ಬಂತು, ಹಾಕಿದೆವು, ಸರಿಹೋಯಿತು.

ಮೈಎಸ್‌ಕ್ಯೂಎಲ್ ಬಳಸುವವರಿಗೂ ಕಥೆ ಹೆಚ್ಚುಕಡಿಮೆ ಇದೇ. ಅಲ್ಲಿ ಪೋರ್ಟ್ 3306, ಸಾಲಿನ ಹೆಸರು ಬೈಂಡ್ ಅಡ್ರೆಸ್. ಜೊತೆಗೆ ಒಂದು ವಿಶೇಷ, ಅಲ್ಲಿ ಒಂದೇ ಹೆಸರು ಲೋಕಲ್‌ಹೋಸ್ಟಿನಿಂದ, ಅಂದರೆ ಅದೇ ಮಷೀನಿನಿಂದ, ಬಂದರೆ ಒಬ್ಬ, ಬೇರೆ ಮಷೀನಿನಿಂದ ಬಂದರೆ ಇನ್ನೊಬ್ಬ. ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್‌ನಲ್ಲಿ ಟಿಸಿಪಿ ಐಪಿಯೇ ಮೊದಲಿಗೆ ಆಫ್ ಇರುತ್ತದೆ, ಕಾನ್ಫಿಗರೇಶನ್ ಮ್ಯಾನೇಜರಿಗೆ ಹೋಗಿ ಆನ್ ಮಾಡಬೇಕು.

ಮೊದಲ ದಿನದ ಕೆಲಸ ಮುಗಿದಾಗ ಸಂಜೆ ಆರೂವರೆ. ಸಾಹುಕಾರರು ಮಂಡಕ್ಕಿ ಮಿರ್ಚಿ ತರಿಸಿದರು. "ಒಂದು ಗುರುತಿಗೆ ಎರಡು ದಿನ ಹೋತಲ್ರೀ" ಅಂತ ಬೇಜಾರು ಮಾಡಿಕೊಂಡರು. ಅವರ ಮುಂದೆ ದಪ್ಪ ಖಾತೆ ಪುಸ್ತಕ ಇತ್ತು. ಯಾವ ರೈತನದು ಎಷ್ಟು ಚೀಲ, ಹಮಾಲಿ ಎಷ್ಟು, ಎಲ್ಲ ಅದರಲ್ಲಿದೆ. ನಾನು ಅದನ್ನೇ ತೋರಿಸಿ ಕೇಳಿದೆ. ಒಂದು ಚೀಲ ಈ ಕಡೆಯಿಂದ ಆ ಕಡೆಗೆ ಹೋದರೂ ಬರೆದಿಡುತ್ತೀರಿ. ನಿಮ್ಮ ಪೂರ್ತಿ ಲೆಕ್ಕ ಇರುವ ಮಷೀನಿನಲ್ಲಿ ಏನು ಬದಲಾಯಿಸಿದರು ಅಂತ ಯಾಕೆ ಬರೆಸುವುದಿಲ್ಲ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಗುಮಾಸ್ತರನ್ನು ಕರೆದು ಒಂದು ಹೊಸ ನೋಟ್‌ಬುಕ್ ತರಿಸಿದರು. ಮೊದಲ ಪುಟದಲ್ಲಿ ಆ ಹುಡುಗನೇ ಬರೆದ. ತಾರೀಕು, ಯಾವ ಫೈಲು, ಮೊದಲು ಏನಿತ್ತು, ಈಗ ಏನಿದೆ.

ಆ ನೋಟ್‌ಬುಕ್ ಹದಿನೈದು ದಿನಕ್ಕೇ ಕೆಲಸಕ್ಕೆ ಬಂತು. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂದ ಮೇಲೆ ಎಲ್ಲ ಕೌಂಟರೂ ನಿಂತವು. ಹುಡುಗ ಪುಸ್ತಕ ನೋಡಿದ, ಸರ್ವರಿನ ಐಪಿಯ ಕೊನೆಯ ಭಾಗ 40 ಅಂತ ಇದೆ. ಮಷೀನಿನಲ್ಲಿ ನೋಡಿದರೆ 43. ರೌಟರ್ ಹೊಸ ವಿಳಾಸ ಕೊಟ್ಟಿತ್ತು. ಸರ್ವರಿಗೆ ಆ ವಿಳಾಸ ಕಾಯಂ ಆಗಿ ಕಟ್ಟಿಡುವುದು ನನಗೇ ಬಿಟ್ಟುಹೋಗಿತ್ತು. ಅವನೇ ರೌಟರಿನಲ್ಲಿ ಕಟ್ಟಿಟ್ಟು, ಆಮೇಲೆ ನನಗೆ ಫೋನ್ ಮಾಡಿ ಹೇಳಿದ. ಹತ್ತು ನಿಮಿಷದ ಕೆಲಸ. ಫೈರ್‌ವಾಲ್ ಮುಟ್ಟಿರಲಿಲ್ಲ.

ಅಂಗಡಿ ನಡೆಸುವವರಲ್ಲಿ ಒಂದು ಮಾತು. ಈ ಹುಡುಗರ ಬೆನ್ನ ಹಿಂದೆ ನಿಂತು ಅವಸರ ಮಾಡಬೇಡಿ. ಎರರ್ ಓದಲು ಒಂದು ಗಂಟೆ ಕೊಡಿ, ಆ ಗಂಟೆಗೂ ದುಡ್ಡು ಕೊಡಿ. ಕೆಲಸ ಆಯಿತು ಅಂದಾಗ ಏನೇನು ತೆರೆದಿದ್ದೀಯಪ್ಪ, ಅದರಲ್ಲಿ ಯಾವುದು ಮುಚ್ಚಿದೆ ಅಂತ ಕೇಳಿ. ನಿಮಗೆ ಉತ್ತರ ಪೂರ್ತಿ ಅರ್ಥ ಆಗದಿದ್ದರೂ ಪರವಾಗಿಲ್ಲ, ಕೇಳಿ.

ದಾವಣಗೆರೆ, ಹರಿಹರ, ದುರ್ಗದ ಕಡೆ ಯಾರಾದರೂ ಹೊಸ ಸರ್ವರ್ ಮುಂದೆ ಸಿಕ್ಕಿಬಿದ್ದಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಕನೆಕ್ಟ್ ಆಗ್ತಿಲ್ಲ ಅಂತ ಮಾತ್ರ ಬರೆಯಬೇಡಿ. ಎರರ್ ಪೂರ್ತಿ ಕಾಣುವ ಹಾಗೆ ಫೋಟೋ ತೆಗೆದು ಕಳಿಸಿ, ಎಸ್‌ಎಸ್ ಕಮಾಂಡ್ ತೋರಿಸಿದ್ದನ್ನೂ ಕಳಿಸಿ. ಪಾಸ್‌ವರ್ಡ್ ಮಾತ್ರ ಮುಚ್ಚಿ.